ಕೊನೆಯ ದೃಶ್ಯಕ್ಕೆ ಮೊದಲು

ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಫೋನ್ ಮಾಡಿದರೆ ನೀನು ಮಾತು ತೇಲಿಸಿಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು. ಅರ್ಧಕ್ಕೆ ಎದ್ದು ಹೋಗುವುದು ನನ್ನ ಚಾಳಿ, ನಿನ್ನದಲ್ಲ.

ಶುಕ್ರವಾರದಿಂದ ರಜೆ ಹಾಕಿ ಸಿನಿಮಾ ನೋಡುತ್ತಿದ್ದೇನೆ. ಕಾಲೇಜಿನ ದಿನಗಳಲ್ಲಿ ಫಿಲ್ಮ್ ಸೊಸೈಟಿಯ ಮುರುಕು ಕುರ್ಚಿಗಳ ಮೇಲೆ ನಾವಿಬ್ಬರೂ ಕೂತು ನೋಡಿದ್ದ ಹೊರದೇಶದ ಸಿನಿಮಾಗಳು. ಇನ್ನೇನು ಮುಗಿಯಬೇಕು ಅನ್ನುವಾಗ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಎದ್ದು ಹೊರಗೆ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ನೀನು ಮುಗಿಸಿಕೊಂಡು ಬಂದು ನನ್ನ ಅಂಗೈಗೆ ಒಂದು ಪೆಪ್ಪರ್‌ಮಿಂಟ್ ಹಾಕುತ್ತಿದ್ದೆ. "ಏನಿಲ್ಲ ಕಣೇ, ಎಲ್ಲಾ ಸರಿಹೋಯ್ತು. ನಡಿ." ದಾರಿಯುದ್ದಕ್ಕೂ ನೀನು ಸಿನಿಮಾದ ಕೊನೆಯನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಿದ್ದೆ. ಇಷ್ಟು ವರ್ಷ ನಾನು ಮೆಚ್ಚಿಕೊಂಡದ್ದು ಆ ಕೊನೆಗಳನ್ನೇ.

ಈಗ ಒಬ್ಬಳೇ ಕೂತು ಕೊನೆಯವರೆಗೂ ನೋಡಿದೆ.

ಹಿಮದ ದೇಶದ್ದು ನೆನಪಿದೆಯಲ್ಲ, ಅಣ್ಣತಮ್ಮ ಒಂದು ಕುದುರೆಗಾಗಿ ಮಾತು ಬಿಡುವುದು? ಅದರಲ್ಲಿ ಬೈಗುಳವೇ ಇಲ್ಲ, ಬೂಟಿನ ಸದ್ದೇ ಜಗಳ. ಕೊನೆಗೆ ತಮ್ಮನು ಕುದುರೆ ಏರಿ ವಾಪಸ್ ಬಂದ ಅಂದಿದ್ದೆ ನೀನು. ಬರುವುದು ಕುದುರೆ ಮಾತ್ರ, ಅಕ್ಕ. ಅಣ್ಣ ಅದರ ಕುತ್ತಿಗೆಗೆ ಹಣೆ ಒತ್ತಿ ನಿಲ್ಲುತ್ತಾನೆ. ಅವನ ಮುಖವನ್ನೂ ತೋರಿಸುವುದಿಲ್ಲ.

ದ್ವೀಪದ ಸಿನಿಮಾದಲ್ಲಿ ದೋಣಿ ರಿಪೇರಿಯ ಹೆಂಗಸು ಮಗಳ ಜೊತೆ ರಾಜಿಯಾಗಿ ಒಟ್ಟಿಗೆ ಊಟಕ್ಕೆ ಕೂತಳು ಅಂದಿದ್ದೆ. ಮೇಜಿನ ಮೇಲೆ ಎರಡು ತಟ್ಟೆ ಇರುವುದು ನಿಜ. ಕೂತವಳು ಒಬ್ಬಳೇ. ಕ್ಯಾಮೆರಾ ಆ ಖಾಲಿ ತಟ್ಟೆ ಬಿಟ್ಟು ಕದಲುವುದೇ ಇಲ್ಲ. ನೋಡಲಾಗದೆ ಸ್ಟವ್ ಆರಿಸುವ ನೆಪದಲ್ಲಿ ಎದ್ದು ಹೋದೆ. ಸ್ಟವ್ ಹಚ್ಚೇ ಇರಲಿಲ್ಲ. ಮತ್ತೆ ಬಂದು ಕೂತೆ.

ಮರಳುಗಾಡಿನ ದೇಶದ ನರ್ಸ್ ಕಥೆಯೊಂದನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಹೇಳಿದ್ದೆ. ಅವಳು ನಿಜವಾಗಿಯೂ ಜೈಲಿನಿಂದ ಬಿಡುಗಡೆಯಾಗುತ್ತಾಳೆ, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಾಳೆ. ನೋಡಿ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನಿಜಕ್ಕೂ ಕಟ್ಟಿ ಹೇಳಿದ್ದಕ್ಕೂ ನಿನ್ನದು ಒಂದೇ ದನಿ, ಒಂದೇ ಪೆಪ್ಪರ್‌ಮಿಂಟ್ ಎಂದು ಆಗಲೇ ಗೊತ್ತಾದದ್ದು.

ಗುರುವಾರ ನಿನ್ನನ್ನು ತೋರಿಸಲು ಹೋದ ಆಸ್ಪತ್ರೆಯಲ್ಲೂ ನಾನು ಹೊರಗಿನ ಬೆಂಚಿನ ಮೇಲೇ ಕೂತೆ. ಒಳಗೆ ಬಾ ಎಂದು ನೀನು ಕರೆಯಲಿಲ್ಲ, ಬರುತ್ತೇನೆ ಎಂದು ನಾನೂ ಅನ್ನಲಿಲ್ಲ. ಡಾಕ್ಟರ ಕೋಣೆಯಿಂದ ಹೊರಗೆ ಬಂದವಳು ಬ್ಯಾಗಿನಲ್ಲಿ ಕೈಯಾಡಿಸಿ ನನ್ನ ಅಂಗೈಗೆ ಪೆಪ್ಪರ್‌ಮಿಂಟ್ ಹಾಕಿದೆ. "ಏನಿಲ್ಲ ಕಣೇ, ಬರೀ ಗಂಟು. ಎಲ್ಲಾ ಸರಿಹೋಗುತ್ತೆ. ನಡಿ."

ನಾನು ಅದನ್ನು ಬಾಯಿಗೆ ಹಾಕಿಕೊಂಡೆ. ರಸ್ತೆ ದಾಟುವಾಗ ನಿನ್ನ ಇನ್ನೊಂದು ಕೈ ಕಂಡಿತು. ಮೆಡಿಕಲ್ ಶಾಪಿನಲ್ಲಿ ಜನ್ಮವೆಲ್ಲ ಡಾಕ್ಟರ ಚೀಟಿಗಳನ್ನು ಬಿಡಿಸಿ ಓದಿದವಳು ನೀನು. ಅವತ್ತಿನ ಚೀಟಿಯನ್ನು ಮಡಚಿ ಮಡಚಿ ಉಗುರಿನಷ್ಟು ಮಾಡಿದ್ದೆ.

ನನಗೆ ಬಂದಿರುವ ಸಿಟ್ಟು ನಿನ್ನ ಮೇಲೋ ನನ್ನ ಮೇಲೋ ತಿಳಿಯುತ್ತಿಲ್ಲ. ಸದಾ ಮೆಟ್ಟಿಲ ಮೇಲೆ ಕೂತವಳಿಗೆ ನಿಜ ಕೇಳುವ ಹಕ್ಕಿದೆಯೇ? ಇಲ್ಲದಿದ್ದರೂ ಕೇಳುತ್ತಿದ್ದೇನೆ. ಡಾಕ್ಟರು ಏನಂದರು? ದಾರಿಯಲ್ಲಿ ಹೇಳುವ ಕಥೆ ಬೇಡ. ಅವರು ಅಂದದ್ದನ್ನು ಅಂದ ಹಾಗೇ ಹೇಳು.

ನಿನ್ನ
ಗುಬ್ಬಿ

ತಾ.ಕ.: ಹೆಸರು ಬರೆದು ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಮನೆಯವರದೊಂದು ನಂಬರು ಬೇಕೆಂದಾಗ ನನ್ನದು ಕೊಟ್ಟಿದ್ದೆಯಂತೆ. ಬುಧವಾರದ ಆಪರೇಷನ್ ಬೇಡ ಅಂತ ಪೇಷೆಂಟೇ ಅಂದುಬಿಟ್ಟಿದ್ದಾರೆ, ತಡ ಮಾಡುವ ಹಾಗಿಲ್ಲ, ಯಾರಾದರೂ ಬುದ್ಧಿ ಹೇಳಿ ಎಂದಳು ಫೋನ್ ಮಾಡಿದ ಹುಡುಗಿ. ಜೊತೆಗೆ ಯಾರಿರುತ್ತಾರೆ ಎಂದು ಕೇಳಿದ್ದಕ್ಕೆ ನೀನು, "ತಂಗಿ ಇದ್ದಾಳೆ, ಆದ್ರೆ ಅವಳಿಗೆ ಇದನ್ನೆಲ್ಲ ನೋಡೋಕಾಗಲ್ಲ" ಅಂದೆಯಂತೆ. ಆ ತಂಗಿ ನಾನೇ, ಬುಧವಾರ ಬರುತ್ತೇವೆ ಅಂದೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಈಗಲೇ ತರುತ್ತಿದ್ದೇನೆ. ನೀನು ಓದಿ ಮುಗಿಸುವವರೆಗೂ ಎದುರಿಗೇ ಕೂತಿರುತ್ತೇನೆ, ಮೆಟ್ಟಿಲ ಮೇಲಲ್ಲ.