ಹೆಸರು ಕೇಳದ ತಪ್ಪು

೧೪ ಅಕ್ಟೋಬರ್ ೨೦೧೪, ಮಂಗಳವಾರ. ಮಿಸೌರಿ ಸಿಟಿ

ಇವತ್ತು ನಿಖಿತಾಳನ್ನು ಫೇಲ್ ಮಾಡಿದೆ. ನಾನು ಕಲಿಸುವ ನರ್ಸಿಂಗ್ ಡಿಗ್ರಿ ತರಗತಿಯಲ್ಲಿ ಅವಳಷ್ಟು ನೀಟಾಗಿ ಕೆಲಸ ಮಾಡುವವರು ಇನ್ನೊಬ್ಬರಿಲ್ಲ. ಆದರೂ ಮಾಡಿದೆ.

ಮಾತ್ರೆ ಕೊಡುವ ಪರೀಕ್ಷೆ. ರೋಗಿಯಾಗಿ ಮಲಗಲು ನಮ್ಮ ಬೀದಿಯ ಸೀತಾಬಾಯಿ ಆಂಟಿಯನ್ನು ನಾನೇ ಕರೆದುಕೊಂಡು ಹೋಗಿದ್ದೆ. ಮಾತ್ರೆ ಕೊಡುವ ಮೊದಲು ರೋಗಿಯ ಪೂರ್ತಿ ಹೆಸರು, ಹುಟ್ಟಿದ ದಿನಾಂಕ ಕೇಳಲೇಬೇಕು. ಕೇಳದಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಈ ಹುಡುಗಿ ಕೈ ತೊಳೆದು, "ಹಾಯ್ ಆಂಟಿ" ಎಂದು ನಕ್ಕು, ಮಾತ್ರೆ ಕೊಟ್ಟೇಬಿಟ್ಟಳು.

ಫೇಲ್ ಎಂದಾಗ ಅತ್ತಳು. "ಬಟ್ ಮ್ಯಾಮ್, ಶೀ ಈಸ್ ಆಂಟಿ!"

ಆಂಟಿಗೆ ನನ್ನ ಮೇಲೇ ಸಿಟ್ಟು. "ಸಣ್ಣಾಕಿ ಇದ್ದಾಗ ಎತ್ತಿ ಆಡಿಸೀನಿ. ನನ್ನ ಹೆಸರ್ಯಾಕ ಕೇಳಬೇಕ್ರಿ ಅಕಿ?"

ಆದರೆ ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚಗಳಲ್ಲಿ ಇಬ್ಬರು ಆಂಟಿಯರು ಮಲಗಿದ್ದರೆ? ಇದು ಪಾಸಾಗದೆ ಅವಳು ವಾರ್ಡಿಗೆ ಕಾಲಿಡುವಂತಿಲ್ಲ. ನಾನು ಬಿಡುವುದೂ ಇಲ್ಲ.

ಶುಕ್ರವಾರ ಮರುಪರೀಕ್ಷೆ. ಸುಲಭವಾಗಲಿ ಎಂದು ಅಪರಿಚಿತರನ್ನು ಕರೆಸುವುದಿಲ್ಲ. ಇದೇ ಆಂಟಿ, ಇದೇ ಮಂಚ. ಗೊತ್ತಿರುವವರನ್ನೂ ಕೇಳಲು ಕಲಿಯಲಿ.

ಈಗ ಪರೀಕ್ಷೆಯ ಫಾರ್ಮ್ ತೆಗೆದು ಸಹಿ ಹಾಕಲು ಕೂತರೆ, 'ರೋಗಿಯ ಪೂರ್ತಿ ಹೆಸರು' ಎಂಬಲ್ಲಿ ಬೆಳಿಗ್ಗೆ ನಾನೇ ಬರೆದದ್ದು ಕಾಣಿಸಿತು: ಸೀತಾಬಾಯಿ ಆಂಟಿ. ಹುಟ್ಟಿದ ದಿನಾಂಕ ಖಾಲಿ. ಹನ್ನೊಂದು ವರ್ಷದಿಂದ ಅವರ ಕೈಯ ರೊಟ್ಟಿ ತಿನ್ನುತ್ತಿದ್ದೇನೆ, ಒಮ್ಮೆಯೂ ಕೇಳಿಲ್ಲ.

ಸಹಿ ಹಾಕಲಿಲ್ಲ. ಶುಕ್ರವಾರ ಇಡೀ ತರಗತಿಯೆದುರು ಮೊದಲ ಪರೀಕ್ಷೆ ನನ್ನದು. ನಿಖಿತಾಳದು ಆಮೇಲೆ.