ನೀನು ಬರೆದ ಮೂವತ್ತನಾಲ್ಕು

ಮಾವನ ಮುದ್ದಿನ ಪುಟ್ಟಿಗೆ,

ಸೂಜಿ ಹಿಡಿದಷ್ಟು ಸಲೀಸಾಗಿ ಪೆನ್ನು ಹಿಡಿಯಲು ನನಗೆ ಬಾರದು. ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊ.

ಮೊನ್ನೆ ಫೋನಿನಲ್ಲಿ ನೀನು ಶುಗರ್ ಬಂದಿದೆ, ಮಂಡಿ ಸವೆದಿದೆ ಅಂದೆ. ಮೂವತ್ತೊಂದು ವರ್ಷಕ್ಕೆ! ನಾನು ಬಾಯಿ ತೆರೆಯುವ ಮೊದಲೇ, "ಏನ್ ಮಾಡೋದು ಮಾವ, ನಂಗೆ ಎರಡು ಟೇಪು ಬೇಕಲ್ಲ" ಎಂದು ನಕ್ಕೆ. ಆ ಮಾತು ನನ್ನದು. ಹದಿನೇಳು ವರ್ಷ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೀಯ.

ನಿನ್ನಮ್ಮ ಎರಡು ಪಾಳಿ ದುಡಿಯುತ್ತಿದ್ದಳು. ಸ್ಕೂಲು ಬಿಟ್ಟೊಡನೆ ನೀನು ನನ್ನ ಹೊಲಿಗೆ ಅಂಗಡಿಗೆ ಬರುತ್ತಿದ್ದೆ. ಹೊರಗೆ ಲಾರಿ ಓಡಾಡುವ ರಸ್ತೆ. ಆಡಲು ಬಿಡುವುದಕ್ಕೆ ನನಗೆ ಭಯ. ಸುಮ್ಮನೆ ಕೂರಲೆಂದು ಪಕ್ಕದ ಬೇಕರಿಯ ಬನ್ನು, ಬಣ್ಣದ ಜ್ಯೂಸು ಕೊಡಿಸುತ್ತಿದ್ದೆ. ಯೂನಿಫಾರ್ಮು ಬಿಗಿಯಾದಾಗಲೆಲ್ಲ ಯಾರಿಗೂ ಹೇಳದೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟೆ. ಅದನ್ನೇ ಅಕ್ಕರೆ ಅಂದುಕೊಂಡಿದ್ದೆ.

ನಾನು ಅಳತೆ ಕೂಗುವುದು, ನೀನು ಪುಸ್ತಕದಲ್ಲಿ ಬರೆಯುವುದು ನಮ್ಮ ರೂಢಿ. ಓಟದ ಸ್ಪರ್ಧೆಗೆ ಹೆಸರು ಕೊಟ್ಟು ಬಂದು, "ಮಾವ, ಒಂದು ಚಡ್ಡಿ ಹೊಲ್ಕೊಡು" ಅಂದೆಯಲ್ಲ, ಅವತ್ತೂ ಕೂಗಿದೆ, ಗಿರಾಕಿಗಳ ಮುಂದೆಯೇ. "ಸೊಂಟ ಮೂವತ್ತೆಂಟು! ಇವಳಿಗೆ ಎರಡು ಟೇಪು ತರ್ಬೇಕು ಕಣ್ರೀ!" ಎಲ್ಲರೂ ನಕ್ಕರು. ನೀನೂ ನಕ್ಕು, ತಲೆ ತಗ್ಗಿಸಿ ಬರೆದುಕೊಂಡೆ. ಪುಸ್ತಕ ನೋಡಿ ಕತ್ತರಿಸಿದ ಚಡ್ಡಿ ಸೊಂಟಕ್ಕೆ ಏರಲೇ ಇಲ್ಲ. "ಬರ್ಕೊಳ್ಳೋವಾಗ ಗಮನ ಎಲ್ಲಿತ್ತೇ?" ಎಂದು ನಾನೇ ಗದರಿದೆ. ಓಟದ ದಿನ ನೀನು ಹೊಟ್ಟೆನೋವೆಂದು ಮಲಗಿದೆ. ಆಮೇಲೆ ಯಾವತ್ತೂ ಓಡಲಿಲ್ಲ.

ಫೋನಿಟ್ಟ ಮೇಲೆ ಆ ಪುಸ್ತಕ ಹುಡುಕಿ ತೆಗೆದೆ. ನಿನ್ನ ದುಂಡು ಅಕ್ಷರದಲ್ಲಿ ಮೂವತ್ತನಾಲ್ಕು ಅಂತಿದೆ. ಬೇರೆಯವರ ಅಳತೆ ಬರೆಯುವಾಗ ನೀನು ಒಂದು ದಿನವೂ ತಪ್ಪಿದವಳಲ್ಲ, ಮಗಳೇ. ಇದು ಈಗ ಹೊಳೆಯಿತು ನನಗೆ.

ಎಲ್ಲ ನನ್ನಿಂದಲೇ ಆಯಿತು ಅಂದರೆ ಅದೂ ಒಂದು ಜಂಬವೇ. ಆದರೆ ನನ್ನ ಪಾಲು ನನ್ನದೇ.

ಡಾಕ್ಟರು ದಿನಾ ನಡೆಯಲು ಹೇಳಿದ್ದಾರೆ ಅಂದೆಯಲ್ಲ, ಅದಕ್ಕೊಂದು ಪ್ಯಾಂಟು ಹೊಲಿಯಲು ಮೆತ್ತನೆಯ ನೀಲಿ ಬಟ್ಟೆ ತೆಗೆದಿಟ್ಟಿದ್ದೇನೆ. ಮನಸ್ಸು ಬಂದಾಗ ಅಳತೆಗೆ ಬಾ. ಪರದೆ ಎಳೆದುಕೊ. ಟೇಪು ನೀನೇ ಹಿಡಿ, ನೀನೇ ಓದು, ನೀನೇ ಬರೆ. ಈ ಸಲ ಇದ್ದದ್ದನ್ನೇ ಬರೆ. ನಾನು ಬಾಯಿ ಮುಚ್ಚಿಕೊಂಡು ಹೊರಗೆ ನಿಂತಿರುತ್ತೇನೆ.

ನಿನ್ನ ಕಾಲು ನಿನ್ನನ್ನು ಬಹಳ ದೂರ, ಬಹಳ ವರ್ಷ ನಡೆಸಲಿ.

ನಿನ್ನ ಬಾಯಿಬಡುಕ
ಮಾವ