ಮೇಲೆ ಯಾರೂ ಕರೆಯಲಿಲ್ಲ

ತುಮಕೂರು
14 ಮಾರ್ಚ್ 1987, ಶನಿವಾರ

ಪ್ರೀತಿಯ ಸುಗುಣಾ,

ಗೋವಾದ ವಿಷಯವನ್ನು ಈ ಪತ್ರದಲ್ಲಿ ಬರೆಯದೇ ಇರಬೇಕೆಂದಿದ್ದೆ. ನಿನ್ನ ಅಣ್ಣನ ಸಲಹೆಯೂ ಅದೇ ಆಗಿತ್ತು. “ಅದೊಂದು ಅವಳ ಕಿವಿಗೆ ಬೀಳೋದು ಬೇಡ. ಬಿದ್ರೆ ನಾಳೇನೇ ಕುಣಿಗಲ್ ಬಸ್ ಹತ್ತಿ ಬಂದು ಜಗಲಿ ಮೇಲೆ ಕೂತ್ಕೋತಾಳೆ” ಎಂದರು. ಆದರೆ ಅದನ್ನು ಬಿಟ್ಟರೆ, ಅಮ್ಮ ನಮ್ಮ ಮನೆಯಿಂದ ಹೊರಟು ಗುಬ್ಬಿಯಲ್ಲಿ ಬಾಡಿಗೆ ಕೋಣೆ ಹಿಡಿದದ್ದು ಏಕೆ ಎಂದು ಹೇಳಲು ನನ್ನ ಹತ್ತಿರ ಬೇರೆ ಏನೂ ಉಳಿಯುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ಕಾರ್ಡು ಬಂದು ವಾರದ ಮೇಲಾಯಿತು. ಇಂಗ್ಲಿಷಿನಲ್ಲಿ ಬರೆದಿದ್ದರೆ ಅಂದೇ ಮುಗಿಸಿಬಿಡುತ್ತಿದ್ದೆ. ಕಾನ್ವೆಂಟಿನಲ್ಲಿ ಕಲಿತ ಕೈಗೆ ಅದೇ ಸುಲಭ. ಒಂದು ಪುಟ ಬರೆದೂ ನೋಡಿದೆ. ಓದಿದರೆ ವಕೀಲರ ನೋಟೀಸಿನ ಹಾಗಿತ್ತು. ಹರಿದು ಹಾಕಿದೆ.

ಇನ್ನು ಮುಂದೆ ಸಿಟ್ಟು ಬಂದಾಗಲಾದರೂ ಕಾರ್ಡಿನಲ್ಲಿ ಬರೆಯಬೇಡ ಮಾರಾಯಿತಿ, ಕವರಿನಲ್ಲಿ ಹಾಕು. “ಹೆತ್ತ ತಾಯಿಯನ್ನು ಬಾಡಿಗೆ ಕೋಣೆಗೆ ತಳ್ಳಿದ ಪುಣ್ಯವಂತರಿಗೆ” ಎಂದು ನೀನು ಶುರುಮಾಡಿದ್ದನ್ನು ಪೋಸ್ಟ್‌ಮ್ಯಾನ್ ಕಾಳಯ್ಯ ನನಗಿಂತ ಮೊದಲೇ ಓದಿದ್ದ. ಕಾರ್ಡು ಕೈಗೆ ಕೊಟ್ಟು, “ಕುಣಿಗಲ್ ಅಮ್ಮಾವ್ರು ಬಾಳ ಬೇಜಾರಾಗವ್ರೆ ಕಣಮ್ಮ. ಒಂದ್ಸಲ ಹೋಗಿ ಸಮಾಧಾನ ಮಾಡಿ ಬಂದ್ಬುಡಿ” ಎಂದ. ಈಗ ನಮ್ಮ ಬೀದಿಗೆಲ್ಲ ಗೊತ್ತು. ಯುಗಾದಿಗೆ ನೀನೂ ಯೋಗನರಸಿಂಹ ಅವರೂ ಗಂಡಹೆಂಡತಿ ಇಬ್ಬರೂ ಗುಬ್ಬಿಗೆ ಹೋಗಿ ಅಮ್ಮನನ್ನು ಕರೆದುಕೊಂಡು ಹೋಗುತ್ತೀರೆಂಬುದೂ ಗೊತ್ತು. ಅದಕ್ಕೆ ಮೊದಲು ನೀನು ಇದನ್ನು ಓದಬೇಕು.

ನಿನಗೆ ನೆನಪಿರಬಹುದು, ಬ್ಯಾಂಕಿನವರು ಕೊಡುವ ಪ್ರವಾಸದ ಸವಲತ್ತು ಈ ವರ್ಷ ಬಳಸದಿದ್ದರೆ ಹೋಗಿಬಿಡುತ್ತದೆ ಎಂದು ನಿನ್ನ ಅಣ್ಣ ಜನವರಿಯಲ್ಲಿ ನಮ್ಮನ್ನು ಹೊರಡಿಸಿದರು. ಅಮ್ಮನ ಹೆಸರೂ ಅದರಲ್ಲಿ ಸೇರಿತ್ತು, ಹಾಗಾಗಿ ಅಮ್ಮನೂ ಬಂದರು. ಅವರಿಗೆ ಬರಲು ಇಷ್ಟವಿದೆಯೇ ಎಂದು ನಾವ್ಯಾರೂ ಕೇಳಲಿಲ್ಲ. ಮೂರು ಮನೆಯವರು ಸೇರಿ ಒಂದು ಮೆಟಡಾರ್ ವ್ಯಾನು, ಹುಲಿಯೂರುದುರ್ಗದ ಬೆಟ್ಟಸ್ವಾಮಿ ಎಂಬ ಡ್ರೈವರ್. ದಾರಿಯುದ್ದಕ್ಕೂ “ಅಮ್ಮಾ, ಕಿಟಕಿ ಹಾಕ್ಕೊಳ್ಳಿ,” “ಅಜ್ಜೀ, ಚಕ್ಕುಲಿ ಡಬ್ಬ ಎಲ್ಲಿದೆ,” “ಕೌಸಲ್ಯಮ್ಮನೋರೇ, ಮಗು ವಾಂತಿ ಮಾಡ್ಕೊಳ್ತಿದೆ, ನಿಂಬೆಹಣ್ಣು ಇದೆಯಾ?” ಅಮ್ಮನ ಚೀಲದಲ್ಲಿ ಎಲ್ಲರಿಗೂ ಬೇಕಾದದ್ದು ಇರುತ್ತಿತ್ತು.

ಸಮುದ್ರದ ದಂಡೆಯಲ್ಲಿ ಪ್ಯಾರಾಸೇಲಿಂಗ್ ಎಂದು ಒಂದು ಹೊಸ ಆಟ. ಬೆನ್ನಿಗೆ ದೊಡ್ಡ ಬಣ್ಣದ ಕೊಡೆಯಂಥದನ್ನು ಕಟ್ಟುತ್ತಾರೆ, ಅದಕ್ಕೊಂದು ಉದ್ದ ಹಗ್ಗ, ಹಗ್ಗದ ಇನ್ನೊಂದು ತುದಿ ಮೋಟಾರ್ ದೋಣಿಗೆ. ದೋಣಿ ಓಡಿದರೆ ಮನುಷ್ಯ ಮರಳಿನ ಮೇಲೆ ನಾಲ್ಕು ಹೆಜ್ಜೆ ಓಡಿ ಗಾಳಿಗೆ ಏಳುತ್ತಾನೆ. ಸಮುದ್ರದ ಮೇಲೆ ಒಂದು ಸುತ್ತು ಹಾಕಿಸಿ ಮತ್ತೆ ಅದೇ ಮರಳಿಗೆ ಇಳಿಸುತ್ತಾರೆ. ಬ್ಯಾಂಕಿನ ಹುಡುಗರಿಬ್ಬರು ಹೋಗಿಬಂದರು. ನೋಡುತ್ತ ನಿಂತಿದ್ದ ನನಗೂ ಆಸೆಯಾಯಿತು ಸುಗುಣಾ. ನಲವತ್ತಾರು ವರ್ಷದವಳಿಗೆ ಆಸೆಯಾಯಿತು ಎಂದು ಬರೆಯಲು ಸಂಕೋಚ. ಹೋಗಿ ದೋಣಿಯವನನ್ನು ಇಂಗ್ಲಿಷಿನಲ್ಲಿ ಕೇಳಿದೆ. ಅವನು ನನ್ನ ಸೀರೆ ನೋಡಿ ತಲೆಯಾಡಿಸಿದ. ಪಟ್ಟಿಗಳು ಎರಡೂ ತೊಡೆಯ ಸಂದಿನಿಂದ ಬಂದು ಬಿಗಿಯಬೇಕು, ಸೀರೆ ಆಗುವುದಿಲ್ಲ, ಪ್ಯಾಂಟೇ ಬೇಕು ಎಂದ. ನನಗೆ ನಿರಾಸೆಯಾಯಿತೋ, ಪಾರಾದೆ ಎನಿಸಿತೋ, ಈಗಲೂ ಸರಿಯಾಗಿ ಹೇಳಲಾರೆ.

ಹಿಂದೆ ಅಮ್ಮ ನಿಂತಿದ್ದರು. “ಏನಂತೆ?”

ಹೇಳಿದೆ.

“ಕಚ್ಚೆ ಆಗುತ್ತಾ ಕೇಳು.”

ನಾನು ನಕ್ಕೆ. ಅಮ್ಮ ನಗಲಿಲ್ಲ. ಮಾವನವರು ಹೋದ ಮೇಲೂ ಅವರು ಒಂಬತ್ತು ಗಜದ ಕಚ್ಚೆ ಬಿಟ್ಟವರಲ್ಲವಲ್ಲ. ಆ ದಂಡೆಯ ಮೇಲಿದ್ದ ಸೀರೆಯ ಹೆಂಗಸರಲ್ಲಿ ಆ ಪಟ್ಟಿಗೆ ತಕ್ಕ ಉಡುಗೆ ಉಟ್ಟಿದ್ದವರು ಅವರೊಬ್ಬರೇ. ದೋಣಿಯವನು ಒಂದು ಸುತ್ತು ಬಂದು ನೋಡಿ, ಇದಾಗುತ್ತದೆ ಎಂದ. ವಯಸ್ಸೆಷ್ಟು, ಹೃದಯ ಹೇಗಿದೆ ಎಂದು ಕೇಳಿದ. ಅಮ್ಮನಿಗೆ ಅದನ್ನು ಕನ್ನಡದಲ್ಲಿ ಹೇಳಿದೆ.

“ಕೈ ಕೊಡೋ ಹೃದಯ ಆಗಿದ್ರೆ ನಿಮ್ಮ ಮಾವನೋರ ಕಾಲದಲ್ಲೇ ಕೈ ಕೊಡ್ತಿತ್ತು ಅಂತ ಹೇಳು ಅವನಿಗೆ” ಎಂದರು.

ಇಲ್ಲಿ ನಾನು ಎಷ್ಟೋ ಸಲ ನಿಂತು ಯೋಚಿಸಿದ್ದೇನೆ. ಅವನ ಮಾತು ಅಮ್ಮನಿಗೆ ತಿಳಿಯದು, ಅಮ್ಮನ ಮಾತು ಅವನಿಗೆ ತಿಳಿಯದು. ಆಗುವುದಿಲ್ಲವಂತೆ ಎಂದು ನಾನೊಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿಲ್ಲ. ನಿನ್ನ ಅಣ್ಣ ಎಳನೀರು ತರಲು ಹೋಗಿದ್ದರು. ಬೆಟ್ಟಸ್ವಾಮಿಯೊಬ್ಬ ಅಡ್ಡ ಬಂದ.

“ಬ್ಯಾಡ ಬುಡಿ ಅಮ್ಮಾವ್ರೇ. ಸಾಹೇಬ್ರು ಬಂದು ನನ್ನ ಚರ್ಮ ಸುಲೀತಾರೆ.”

“ಸುಲಿದ್ರೆ ತಗೊಂಡು ಬಾ, ಹೊಲಿದುಕೊಡ್ತೀನಿ.”

ಕನ್ನಡಕ ತೆಗೆದು ನನ್ನ ಕೈಗಿಟ್ಟರು. “ಇದಿಲ್ಲದೆ ನಿಮಗೆ ಏನೂ ಕಾಣಲ್ಲವಲ್ಲ” ಎಂದೆ. “ಕಾಣೋದೇನಿದೆ, ನೀರು ತಾನೇ” ಎಂದರು. ಮರುಗಳಿಗೆಯಲ್ಲಿ ದೋಣಿ ಹೊರಟಿತು. ಅಮ್ಮ ಮುಗ್ಗರಿಸಿದಂತಾಯಿತು, ನೋಡಿದರೆ ಅವರ ಕಾಲು ನೆಲದ ಮೇಲಿರಲಿಲ್ಲ.

ನಿನ್ನ ಅಣ್ಣ ಎಳನೀರು ಹಿಡಿದು ಬಂದರು. “ಅಮ್ಮ ಎಲ್ಲಿ?”

ನಾನು ಮೇಲೆ ತೋರಿಸಿದೆ.

ಅವರು ಮೊದಲು ತೆಂಗಿನಮರ ನೋಡಿದರು. ಆಮೇಲೆ ಇನ್ನೂ ಮೇಲೆ ನೋಡಿದರು. ಕೈಯಲ್ಲಿದ್ದ ಎಳನೀರು ಬಿತ್ತು. “ಅಮ್ಮಾ! ಅಮ್ಮಾ!” ಎನ್ನುತ್ತ ದಂಡೆಯುದ್ದಕ್ಕೂ ಓಡಿದರು, ನಿಮ್ಮ ಮನೆಯ ಗಂಡಸೊಬ್ಬರು ಓಡಿದ್ದನ್ನು ನಾನು ಅಂದೇ ಕಂಡದ್ದು. ಯಾರೋ ವಿದೇಶಿಯರು ಚಪ್ಪಾಳೆ ತಟ್ಟಿದರು. ಮೇಲೆ ಅಮ್ಮ, ಕಂದು ಬಣ್ಣದ ಸಣ್ಣ ಗಂಟಿನ ಹಾಗೆ, ಒಂದಿಷ್ಟೂ ಅಲುಗಾಡದೆ ಕೂತಿದ್ದರು.

ಇಳಿಯುವಾಗ ಮೊಣಕಾಲೂರಿ ಮರಳಿನಲ್ಲಿ ಕುಸಿದರು. ಇಬ್ಬರು ಹಿಡಿದೆತ್ತಿದರು, ಒಂದು ತರಚು ಗಾಯವೂ ಇಲ್ಲ. ನಿನ್ನ ಅಣ್ಣ ಬೈದದ್ದು ನನಗೆ. ಸಂಜೆಯವರೆಗೂ ಬೈದರು. ಅಮ್ಮ ಆ ಹೊತ್ತಿಗೆ ವ್ಯಾನಿನ ಮೆಟ್ಟಿಲ ಮೇಲೆ ಕೂತು ಕಚ್ಚೆಯ ಮರಳು ಕೊಡವುತ್ತಿದ್ದರು.

ಹೇಗಿತ್ತು ಎಂದು ಕೇಳಿದೆ. ಮರಳು ಕೊಡವುತ್ತಲೇ ಹೇಳಿದರು:

“ಮೇಲೆ ಯಾರೂ ಕರೀಲಿಲ್ಲ ಕಣೇ. ಹದಿನಾಲ್ಕಕ್ಕೆ ಮದುವೆಯಾಗಿ ಬಂದೆ. ಅವತ್ತಿಂದ ಯಾರಾದರೊಬ್ರು ಕರೀತಾನೇ ಇದಾರೆ. ಕೌಸಲ್ಯಾ, ಅಮ್ಮಾ, ಅತ್ತಿಗೇ, ಅಜ್ಜೀ. ಸ್ನಾನದ ಮನೆಯಲ್ಲಿದ್ರೂ ಕರೀತಾರೆ, ದೇವರ ಮುಂದೆ ಕೂತಿದ್ರೂ ಕರೀತಾರೆ. ಅಲ್ಲಿ ಗಾಳಿ ಬಿಟ್ರೆ ಏನೂ ಇರಲಿಲ್ಲ.”

ನಾನು ಇದನ್ನು ಅಲ್ಲಿಗೇ ಮರೆತೆ. ಅವರು ಮರೆಯಲಿಲ್ಲ. ಊರಿಗೆ ಬಂದ ಮೇಲೆ ಒಂದು ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತ, ಈರುಳ್ಳಿ ತರಬೇಕು ಎನ್ನುವ ಧಾಟಿಯಲ್ಲೇ, “ಗುಬ್ಬಿಯಲ್ಲಿ ನನಗೊಂದು ಕೋಣೆ ನೋಡಿ” ಎಂದರು. ನಿನ್ನ ಅಣ್ಣ ತಟ್ಟೆ ಬಿಟ್ಟೆದ್ದರು. ಒಂದು ವಾರ ಒಪ್ಪಲೇ ಇಲ್ಲ. ನಾನೇನು ಅಂದೆ, ಏನು ಮಾಡಿದೆ ಎಂದು ನಾನು ಹುಡುಕಿದೆ. ಹುಡುಕಿದರೆ ಸಿಗುವುದಕ್ಕೇನು ಬರವೇ? ಆದರೆ ಒಂದೊಂದನ್ನೂ ಅವರ ಮುಂದಿಟ್ಟಾಗ, “ಅಯ್ಯೋ ಅದಲ್ಲ ಬಿಡೇ” ಎಂದರು.

ಗುಬ್ಬಿಯೇ ಏಕೆಂದು ನಿನಗೆ ಗೊತ್ತು. ಅವರ ತಂದೆ ಅಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದಾಗ ಅವರು ಹುಡುಗಿ. ಶಿವರಾತ್ರಿ ಕಳೆದ ಮೇಲೆ ನಾನೂ ಅಮ್ಮನೂ ಇಬ್ಬರೇ ಬಸ್ಸಿನಲ್ಲಿ ಹೋಗಿ ರೈಲ್ವೆ ಸ್ಟೇಷನ್ ಹಿಂದಿನ ಬೀದಿಯಲ್ಲಿ ಕೋಣೆ ನೋಡಿದೆವು. ಮನೆಯೊಡತಿ ಹನುಮಮ್ಮ, ತೀರಿಹೋದ ಮೇಷ್ಟ್ರೊಬ್ಬರ ಹೆಂಡತಿ. ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ಒಬ್ರೇ ಇರ್ತೀರಾ? ಯಾಕ್ರವ್ವಾ, ಮಗ ಸೊಸೆ ನೋಡ್ಕಳಲ್ವಾ?” ಎಂದಳು. ಸೊಸೆ ನಾನು ಅಲ್ಲೇ ನಿಂತಿದ್ದೆ.

“ನೋಡ್ಕೋತಾರಮ್ಮ, ಚೆನ್ನಾಗೇ ನೋಡ್ಕೋತಾರೆ. ಒಂದು ಗಳಿಗೆ ಬಿಡಲ್ಲ, ಅದೇ ಕಷ್ಟ” ಎಂದರು ಅಮ್ಮ. “ನಲ್ಲಿ ಬೇರೆ ಇದೆಯಾ?”

ಇತ್ತು. ಅಷ್ಟೇ ಮಾತುಕತೆ. ಮಾವನವರ ಪಿಂಚಣಿ ಅವರ ಖರ್ಚಿಗೆ ಸಾಕು. ನಾವು ತಳ್ಳಲಿಲ್ಲ ಸುಗುಣಾ. ಹೊತ್ತುಕೊಂಡು ಹೋಗಿ ಬಿಟ್ಟುಬಂದೆವು ಎನ್ನುವುದು ಮಾತ್ರ ನಿಜ. ಹಾಸಿಗೆ ಸುರುಳಿ ನಿನ್ನ ಅಣ್ಣನ ಹೆಗಲ ಮೇಲಿತ್ತು, ದೇವರ ಪೆಟ್ಟಿಗೆ ನನ್ನ ಮಡಿಲಲ್ಲಿತ್ತು.

ಕಳೆದ ಭಾನುವಾರ ಹೋಗಿದ್ದೆ. ಜಗಲಿಯ ಮೇಲೆ ಕಾಲು ಚಾಚಿ ಕೂತು ಕಡಲೆಕಾಯಿ ತಿನ್ನುತ್ತಿದ್ದರು. ಅಮ್ಮ ಕೂತು ತಿನ್ನುವುದನ್ನು ನೀನು ಎಂದಾದರೂ ಕಂಡಿದ್ದೀಯಾ? ನಾನು ಒಯ್ದಿದ್ದ ಸಾರಿನ ಪುಡಿಯ ಡಬ್ಬ ನೋಡಿ, “ತಂದಿದ್ದೀಯ, ಇರಲಿ. ಮುಂದಿನ ಸಲ ಬರೀ ಕೈಯಲ್ಲಿ ಬಾ” ಎಂದರು. ನನಗೇ ಕಾಫಿ ಮಾಡಿಕೊಟ್ಟರು. ರೈಲು ಬಂದಾಗ ಮಾತು ನಿಲ್ಲಿಸಿ ಅದು ಹೋಗುವವರೆಗೂ ಕೇಳಿದರು.

ನೀನು ಯುಗಾದಿಗೆ ಹೋಗು, ಖಂಡಿತ ಹೋಗು. ಕರೆದುಕೊಂಡು ಬರಲು ಹೋಗಬೇಡ, ನೋಡಲು ಹೋಗು. ಬೀದಿಯಿಂದಲೇ “ಅಮ್ಮಾ” ಎಂದು ಕೂಗಬೇಡ, ಬಾಗಿಲು ತಟ್ಟು. ನೆಂಟರ ಹಾಗೆ ಕೂತುಕೋ. ಅವರು ಹಾಕಿದ ಒಬ್ಬಟ್ಟು ತಿಂದು, ಸಂಜೆಯ ಬಸ್ಸಿಗೆ ಹಿಂದಿರುಗು. ಆಮೇಲೂ ನನ್ನ ಮೇಲೆ ಸಿಟ್ಟಿದ್ದರೆ ಬರೆ, ಕವರಿನಲ್ಲಿ.

ಯೋಗನರಸಿಂಹ ಅವರ ಕೆಮ್ಮು ಹೇಗಿದೆ? ಆಡುಸೋಗೆ ಕಷಾಯ ಬಿಡಬಾರದೆಂದು ಅಮ್ಮ ಹೇಳಿದ್ದಾರೆ. ಮಗಳ ಪರೀಕ್ಷೆ ಚೆನ್ನಾಗಿ ಆಗಲಿ, ಅತ್ತೆ ನೆನೆದಳೆಂದು ಹೇಳು. ಮನೆಯವರೆಲ್ಲ ಗಟ್ಟಿಯಾಗಿ, ನೆಮ್ಮದಿಯಾಗಿ ಇರಿ ಎಂದು ಹರಸುತ್ತ,

ನಿನ್ನ ಅತ್ತಿಗೆ
ಕುಮುದಾ

ಇನ್ನೊಂದು ಮಾತು. ಇದನ್ನು ನಿನ್ನ ಅಣ್ಣನಿಗೂ ಹೇಳಿಲ್ಲ.

ಸಾಮಾನು ಇಳಿಸಿದ ದಿನ ನಿನ್ನ ಅಣ್ಣ ನೀರು ಕುಡಿಯಲು ಹನುಮಮ್ಮನ ಕಡೆ ಹೋಗಿದ್ದಾಗ, ಮೊದಲ ರಾತ್ರಿ ಜೊತೆಗಿರುತ್ತೇನೆ ಎಂದು ಅಮ್ಮನಿಗೆ ಹೇಳಿದೆ. “ಬೇಡ ಕುಮುದಾ. ನೀನಿದ್ರೆ ನಾನು ಮತ್ತೆ ಅತ್ತೆ ಆಗಿಬಿಡ್ತೀನಿ” ಎಂದರು. ನಾನು ತಾಯಿಯಿಲ್ಲದೆ ಬೆಳೆದವಳೆಂದು ನಿನಗೆ ಗೊತ್ತು. ಮದುವೆಯಾದಾಗಿನಿಂದ ನಾನು ಅವರ ಜೊತೆ ಮಗಳಾಗಿದ್ದೇನೆಂದುಕೊಂಡಿದ್ದೆ. ಅವರಿಗೆ ಅದು ಕೆಲಸವಾಗಿತ್ತು.

ದಂಡೆಯ ಮೇಲೆ ನಿನ್ನ ಅಣ್ಣ ಕೂಗಿದರೆಂದು ಬರೆದೆನಲ್ಲ. ಅವರಿಗಿಂತ ಮೊದಲು ನಾನು ಕೂಗಿದ್ದೆ. “ಅಮ್ಮಾ, ಗಟ್ಟಿಯಾಗಿ ಹಿಡ್ಕೊಳ್ಳಿ!” ಎಂದಿದ್ದೆ. ಅಂದು ಕೋಣೆಯಲ್ಲಿ ದೇವರ ಪೆಟ್ಟಿಗೆ ಬಿಚ್ಚುತ್ತ ಅಮ್ಮನೇ ಆ ಮಾತು ತೆಗೆದರು. “ಸುಬ್ಬು ಕೂಗಿದ್ದು ಕೇಳಿಸಲಿಲ್ಲ ಕಣೇ. ನಿನ್ನದು ಕೇಳಿಸ್ತು. ಓಗೊಡಬೇಕಾಗಿರಲಿಲ್ಲವಲ್ಲ, ಅದೇ ಸುಖವಾಗಿತ್ತು” ಎಂದರು. ನೋಯಿಸಲು ಹೇಳಿದ್ದಲ್ಲ. ನಗುತ್ತಿದ್ದರು.

ನಿನ್ನೆ ಹಾಲು ಉಕ್ಕಿದಾಗ “ಅಮ್ಮಾ” ಎಂದು ಕೂಗಿದೆ. ಕೂಗಿದ ಮೇಲೆ ಒಲೆ ಆರಿಸಲೂ ತೋಚದೆ ನಿಂತೆ. ಅವರನ್ನು ಈ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕರೆದವಳು ನಾನೇ.

ಈ ಕೊನೆಯ ಹಾಳೆಯನ್ನು ತೆಗೆದಿಟ್ಟು ಉಳಿದದ್ದನ್ನಷ್ಟೇ ಕಳಿಸೋಣವೆಂದು ಎರಡು ಸಲ ಕವರಿನಿಂದ ಹೊರತೆಗೆದೆ, ಮತ್ತೆ ಒಳಗಿಟ್ಟೆ. ನಾಳೆ ಭಾನುವಾರ, ಗುಬ್ಬಿಗೆ ಹೋಗುವುದಿಲ್ಲ. ಅವರಾಗಿ ಬಾ ಎನ್ನಲಿ. ಇದನ್ನು ಸೋಮವಾರ, ಮಾರ್ಚ್ ಹದಿನಾರರಂದು ಡಬ್ಬಿಗೆ ಹಾಕುತ್ತೇನೆ.